ಕಲ್ಯಾಣದ ಕೊಲೆಗಳಿಗೆ ಒಂದನೇ ಆರೋಪಿ ಯಾರು?

ನಮ್ಮ ಹೊಸದುರ್ಗ, ಹೊಳಲ್ಕೆರೆ ಸೀಮೆಯಲ್ಲಿ ಹರಳಯ್ಯ-ಮಧುವರಸರ ಕಥೆ ಕೇಳದವರು ಕಡಿಮೆ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಚಪ್ಪಲಿ ಹೊಲಿಯುವ ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದಿಂದ ಶರಣನಾದ ಮಧುವರಸನ ಮಗಳಿಗೂ ಮದುವೆ ಆಯಿತು. ಅದೇ ಅಪರಾಧವೆಂದು ಇಬ್ಬರು ತಂದೆಯರ ಕಣ್ಣು ಕೀಳಿಸಿ, ಆನೆಯ ಕಾಲಿಗೆ ಕಟ್ಟಿ ಎಳೆಸಿದರು. ಎಳೆಹೂಟೆ ಎಂದು ಆ ಶಿಕ್ಷೆಯ ಹೆಸರು. ಅದಾದ ಮೇಲೆ ರಾಜ ಬಿಜ್ಜಳನ ಕೊಲೆ, ಶರಣರ ಬೆನ್ನಿಗೆ ದಂಡು, ಊರಿಗೆ ಊರೇ ಚೆದುರಿದ್ದು.

ಈ ಕಥೆ ನಮ್ಮ ಕಡೆ ಪುರಾಣ ಓದಿ ಹಬ್ಬಿದ್ದಕ್ಕಿಂತ ನಾಟಕ ನೋಡಿ ಹಬ್ಬಿದ್ದೇ ಹೆಚ್ಚು. ಚಿತ್ರದುರ್ಗ ತಾಲ್ಲೂಕು ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ ‘ಮರಣವೇ ಮಹಾನವಮಿ’ ಎಂಬ ನಾಟಕವನ್ನೇ ಬರೆದರು. ಅವರ ಶಿಷ್ಯರಾದ ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮೀಜಿ 1987ರಲ್ಲಿ ಶಿವಕುಮಾರ ಕಲಾಸಂಘ ಕಟ್ಟಿದರು. 1997ರಲ್ಲಿ ಶಿವಸಂಚಾರ ಎಂಬ ತಿರುಗಾಟದ ತಂಡ ಹುಟ್ಟಿತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಂಥ ಹಳ್ಳಿಯಲ್ಲಿ ಗ್ರೀಕರ ಮಾದರಿಯ ಬಯಲು ರಂಗಮಂದಿರ ಇದೆ ಎಂದರೆ ಹೊರಗಿನವರು ನಂಬುವುದಿಲ್ಲ. ನವೆಂಬರ್‌ನ ನಾಟಕೋತ್ಸವಕ್ಕೆ ಬಂದು ಆ ಕಲ್ಲುಮೆಟ್ಟಿಲ ಮೇಲೆ ಕೂತರೆ ನಂಬುತ್ತಾರೆ. ಸುತ್ತಲ ಹಳ್ಳಿಯವರು ಕಂಬಳಿ ಹೊದ್ದು, ಮಕ್ಕಳನ್ನು ತೊಡೆ ಮೇಲೆ ಮಲಗಿಸಿಕೊಂಡು ಕೊನೆಯ ದೃಶ್ಯದವರೆಗೂ ಕೂತಿರುತ್ತಾರೆ.

ನಾನು ನಾಟಕದವನಲ್ಲ, ಕೋರ್ಟಿನವನು. ಬೆಂಚ್ ಕ್ಲರ್ಕ್ ಆಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾಗುವ ತನಕ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ಊರುಗಳಲ್ಲೇ ಸುತ್ತಿದವನು. ಕಲ್ಯಾಣದ ನಾಟಕ ಮುಗಿದು ಜನ ಏಳುವಾಗ ಒಂದು ಮಾತು ಹೆಚ್ಚೂಕಮ್ಮಿ ಪ್ರತಿಸಲವೂ ನನ್ನ ಕಿವಿಗೆ ಬಿದ್ದಿದೆ: “ಅಲ್ಲಣ್ಣ, ಆ ಮದ್ವೆ ಒಂದ್ ಮಾಡ್ದೆ ಇದ್ದಿದ್ರೆ ಇಷ್ಟೆಲ್ಲ ಆಗ್ತಿತ್ತಾ?” ಹೇಳುವವರು ಕೆಟ್ಟವರಲ್ಲ. ಅತ್ತು ಕಣ್ಣೊರೆಸಿಕೊಂಡೇ ಹೇಳುತ್ತಾರೆ. ಆದರೆ ಇದೇ ಮಾತನ್ನು ನಾನು ಸಾಕ್ಷಿಕಟ್ಟೆಯಿಂದಲೂ ಕೇಳಿದ್ದೇನೆ. ಹಾಗಾಗಿ ನನಗೆ ಇದು ಬರೀ ನಾಟಕದ ಪ್ರಶ್ನೆಯಲ್ಲ.

ಆ ಮೊಕದ್ದಮೆ ಎಲ್ಲಿಯದು, ಯಾರದು ಎಂದು ಹೇಳುವುದಿಲ್ಲ. ಬೇರೆ ಬೇರೆ ಜಾತಿಯ ಹುಡುಗ ಹುಡುಗಿ ರಿಜಿಸ್ಟರ್ ಮದುವೆಯಾಗಿ ಊರು ಬಿಟ್ಟಿದ್ದರು. ಹುಡುಗಿ ಕಡೆಯವರು ಹುಡುಗನ ತಂದೆಯನ್ನು ಹೊಲದಲ್ಲಿ ಹಿಡಿದು ಕೈಕಾಲು ಮುರಿದಿದ್ದರು. ಮುದ್ದೆಮಾಲು ಎಂದು ಬಂದ ಗೋಣಿಚೀಲದಲ್ಲಿ ಒಂದು ದೊಣ್ಣೆ, ಹರಿದ ಅಂಗಿ, ಒಂದು ಜೊತೆ ಚಪ್ಪಲಿ. ಎಡಗಾಲಿನದ್ದರ ಬಾರು ಕಿತ್ತಿತ್ತು. ಅದಕ್ಕೆ ಚೀಟಿ ಕಟ್ಟಿ ನಂಬರು ಬರೆದವನು ನಾನು. ಕಣ್ಣಾರೆ ಕಂಡಿದ್ದ ಸಾಕ್ಷಿ ಕಟ್ಟೆ ಹತ್ತಿ, ಹೊಡೆದವರನ್ನು ತಾನು ನೋಡೇ ಇಲ್ಲ ಎಂದ. ಇಳಿಯುವ ಮುಂಚೆ, ಯಾರೂ ಕೇಳದಿದ್ದರೂ ಒಂದು ಮಾತು ಸೇರಿಸಿದ: “ಆ ಮದ್ವೆ ಮಾಡ್ಸಿದೋರದೇ ತಪ್ಪು ಸ್ವಾಮಿ.” ಆ ಮಾತು ದಾಖಲೆಗೆ ಹೋಗಲಿಲ್ಲ, ನನ್ನ ತಲೆಯಲ್ಲಿ ಉಳಿಯಿತು.

ಕೋರ್ಟಿನಲ್ಲಿ ಬಾಳಿದವನಿಗೆ ಒಂದು ವ್ಯತ್ಯಾಸ ರಕ್ತಗತವಾಗಿರುತ್ತದೆ. ಕಾರಣ ಬೇರೆ, ಅಪರಾಧ ಬೇರೆ. ಆ ಮದುವೆ ಆಗದಿದ್ದರೆ ಆ ತಂದೆಯ ಕಾಲು ಮುರಿಯುತ್ತಿರಲಿಲ್ಲ, ನಿಜ. ಹಾಗೆ ನೋಡಿದರೆ ಆ ಬೆಳಿಗ್ಗೆ ಅವನು ಹೊಲಕ್ಕೆ ಹೋಗದಿದ್ದರೂ ಮುರಿಯುತ್ತಿರಲಿಲ್ಲ. ಹೊಲಕ್ಕೆ ಹೋದದ್ದನ್ನು ಯಾರೂ ತಪ್ಪು ಅನ್ನುವುದಿಲ್ಲ. ಮದುವೆಯನ್ನು ಮಾತ್ರ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ 1882ರಲ್ಲಿ ಇಂಥದ್ದೇ ಪ್ರಶ್ನೆ ನ್ಯಾಯಾಲಯಕ್ಕೆ ಬಂದಿತ್ತು. ಸಾಲ್ವೇಶನ್ ಆರ್ಮಿಯವರು ಶಾಂತವಾಗಿ ಮೆರವಣಿಗೆ ಹೊರಟರೆ ಅವರನ್ನು ಕಂಡರಾಗದ ಗುಂಪೊಂದು ಬಂದು ಗಲಭೆ ಮಾಡುತ್ತಿತ್ತು. ಗಲಭೆ ಆಗುತ್ತದೆಂದು ಗೊತ್ತಿದ್ದೂ ಹೊರಟಿರಲ್ಲ ಎಂದು ಮೆರವಣಿಗೆಯವರ ಮೇಲೇ ಕ್ರಮ ಕೈಗೊಂಡರು. ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ನ್ಯಾಯವಾದ ಕೆಲಸ ಮಾಡುವವನು, ಅದನ್ನು ಸಹಿಸದವನ ಪುಂಡಾಟಿಕೆಗೆ ಹೊಣೆಯಾಗುವುದಿಲ್ಲ.

ಈ ಅಳತೆಗೋಲು ಹಿಡಿದು ಗಿರೀಶ ಕಾರ್ನಾಡರ ‘ತಲೆದಂಡ’ವನ್ನು ನೋಡಬೇಕು. 1990ರಲ್ಲಿ ಬಂದ ನಾಟಕ, 1994ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಜನಜನಿತ ಕಥೆಯಲ್ಲಿ ಎಳೆಹೂಟೆ ಮಾಡಿಸಿದವನು ಬಿಜ್ಜಳ, ಅವನೇ ಖಳ. ಕಾರ್ನಾಡರ ನಾಟಕದಲ್ಲಿ ಹಾಗಿಲ್ಲ. ಬಿಜ್ಜಳ ಮದುವೆ ತಡೆಯಲು ಬಂದು ಕೊನೆಗೆ ಒಪ್ಪಿ ಹೋಗುತ್ತಾನೆ. ತಂದೆಯರ ಕಣ್ಣು ಕೀಳುವ ಹೊತ್ತಿಗೆ ಅವನು ತನ್ನ ಅರಮನೆಯಲ್ಲೇ ಮಗ ಸೋವಿದೇವನ ಸೆರೆಯಾಳು. ಆಜ್ಞೆ ಸೋವಿದೇವನದು. ಅವನ ಬೆನ್ನ ಹಿಂದೆ ಶಾಸ್ತ್ರ ಬಲ್ಲ ದಾಮೋದರ ಭಟ್ಟ, ರಾಜಕಾರಣ ಬಲ್ಲ ಮಂಚಣ್ಣ.

ಚಾರ್ಜ್‌ಶೀಟ್ ಬರೆಯುವುದಾದರೆ ಸೋವಿದೇವ ಒಂದನೇ ಆರೋಪಿ. ಅದರಲ್ಲಿ ನನಗೆ ಅನುಮಾನವಿಲ್ಲ. ಎರಡನೇ, ಮೂರನೇ ಆರೋಪಿಗಳ ಮೇಲೆ ನನಗೆ ಸಿಟ್ಟು ಇನ್ನೂ ಹೆಚ್ಚು. ಪ್ರಚೋದಿಸುವುದು, ಒಳಸಂಚು ಮಾಡುವುದು, ನೆರವಾಗುವುದು ಈ ಮೂರೂ ಅಪರಾಧಕ್ಕೆ ಕುಮ್ಮಕ್ಕು ಎಂದು ನಮ್ಮ ಹಳೆಯ ದಂಡಸಂಹಿತೆ 107ನೇ ಕಲಮಿನಲ್ಲಿ ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯಸಂಹಿತೆಯಲ್ಲೂ ಅದು ಹಾಗೇ ಉಳಿದಿದೆ. ಮೂರನ್ನೂ ಇವರು ಮಾಡಿದ್ದಾರೆ. ಅದಕ್ಕಿಂತ ದೊಡ್ಡದು, ಕೊಲೆಗೆ ಇವರು ಕಾನೂನಿನ ಅಂಗಿ ತೊಡಿಸಿದರು. ಚಮ್ಮಾರನ ಮಗನಿಗೆ ಬ್ರಾಹ್ಮಣರ ಹುಡುಗಿಯನ್ನು ಕೊಡುವುದು ಅಂದಿನ ಧರ್ಮಶಾಸ್ತ್ರದ ಪ್ರಕಾರ ಪ್ರತಿಲೋಮ, ನಿಷಿದ್ಧ. ಕಣ್ಣು ಕೀಳಿಸಿದವರು ನಾವು ಕಾನೂನು ಪಾಲಿಸಿದೆವು ಎನ್ನಬಹುದಿತ್ತು. ಆನೆಯ ಕಾಲಿಗೆ ಹಗ್ಗ ಬಿಗಿದ ಮಾವುತನೂ ಹಾಗೇ ಅಂದುಕೊಂಡಿರಬೇಕು.

ಬಿಜ್ಜಳ ಪೂರ್ತಿ ಬಿಡುಗಡೆಯೇ? ನಾಟಕದಲ್ಲಿ ಅವನು ಮಗನನ್ನು ಪರರ ಮುಂದೆ ಹೀಯಾಳಿಸುತ್ತಲೇ ಇರುತ್ತಾನೆ. ತಾನು ಕ್ಷೌರಿಕ ಕುಲದವನು ಎಂಬ ನೋವನ್ನು ಸಾಯುವ ತನಕ ಹೊತ್ತವನು, ಅವಮಾನ ಏನು ಮಾಡುತ್ತದೆ ಎಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು, ಮಗನಿಗೆ ಅದನ್ನೇ ಉಣಿಸುತ್ತಾನೆ. ಇದಕ್ಕೆ ಯಾವ ಕಲಮೂ ಇಲ್ಲ. ಆದರೆ ಸೋವಿದೇವನ ಕೈಗೆ ಅಧಿಕಾರ ಸಿಕ್ಕ ಗಳಿಗೆಯಲ್ಲಿ ಆ ಒಂದೊಂದು ಬೈಗುಳವೂ ಅವನ ಮುಖದಲ್ಲಿ ಕಾಣುತ್ತದೆ. ಒಳ್ಳೆಯ ನಟ ಸಿಕ್ಕರೆ ಎದೆ ಝಲ್ಲೆನ್ನುತ್ತದೆ.

ಬಿಜ್ಜಳನನ್ನು ಕೊಂದ ಶರಣ ಜಗದೇವ ಪುರಾಣಗಳಲ್ಲಿ ವೀರ. ನನಗೆ ಅವನು ಕೊಲೆಗಾರನೇ. ಹಠಾತ್ ಪ್ರಚೋದನೆಯ ರಿಯಾಯಿತಿ ಕೇಳಲು ಬರುವುದಿಲ್ಲ. ಯಾಕೆಂದರೆ ನಾಟಕದಲ್ಲಿ ಅವನು ಪ್ರಚೋದಿಸಿದವನನ್ನು ಬಿಟ್ಟು ಸೆರೆಯಲ್ಲಿದ್ದವನನ್ನು ಕೊಂದ. ಶರಣರ ಬೆನ್ನಿಗೆ ಸೈನ್ಯ ಬಿಡಲು ಸೋವಿದೇವನಿಗೆ ಬೇಕಿದ್ದ ನೆಪವನ್ನೂ ಅವನೇ ಕೊಟ್ಟ. ತಾನೂ ಸತ್ತ. ಆ ಮೇಲೆ ಸತ್ತವರ ಲೆಕ್ಕದಲ್ಲಿ ಅವನ ಪಾಲು ಸಣ್ಣದಲ್ಲ.

ಇನ್ನು ಬಸವಣ್ಣ. ಅವರ ಹೆಸರನ್ನು ಈ ವಿಚಾರಣೆಯಲ್ಲಿ ಎತ್ತಿದರೆ ನಮ್ಮವರಿಗೆ ಬೇಸರವಾಗುತ್ತದೆ, ನನಗೆ ಗೊತ್ತು. ಆದರೆ ನಾಟಕದ ಬಸವಣ್ಣ ತಮ್ಮನ್ನು ತಾವೇ ಕಟಕಟೆಗೆ ಹತ್ತಿಸಿಕೊಳ್ಳುತ್ತಾರೆ. ಮದುವೆಯ ಸುದ್ದಿ ಬಂದಾಗ ಅವರು ಹಿಗ್ಗುವುದಿಲ್ಲ, ಹೆದರುತ್ತಾರೆ. ವರ್ಣಾಶ್ರಮದ ಬುಡಕ್ಕೆ ಬಿದ್ದ ಏಟನ್ನು ಎದುರಿನವರು ಸುಮ್ಮನೆ ಸಹಿಸುವುದಿಲ್ಲ ಎಂದು ಅವರಿಗೆ ಗೊತ್ತು. ಗೊತ್ತಿದ್ದೂ ಆಶೀರ್ವಾದ ಮಾಡುತ್ತಾರೆ. ಹಾಗಾದರೆ ಸಾವುಗಳಿಗೆ ಪಾಲುದಾರರೇ? ನನ್ನ ಉತ್ತರ, ಅಲ್ಲ. ಮದುವೆ ಬೇಡ ಎಂದಿದ್ದರೆ ಹರಳಯ್ಯ ಬದುಕುತ್ತಿದ್ದ, ಆದರೆ ಹರಳಯ್ಯನಿಗೆ ತಾವು ಅಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳು ಎಂದು ಅವರೇ ರುಜು ಹಾಕಿದಂತಾಗುತ್ತಿತ್ತು. ಅವರು ಕಲ್ಯಾಣ ಬಿಟ್ಟು ಕೂಡಲಸಂಗಮಕ್ಕೆ ಹೊರಟದ್ದು ಮಾತ್ರ ನನ್ನನ್ನು ಕಾಡುತ್ತದೆ. ಉಳಿದಿದ್ದರೆ ಜಗದೇವನ ಕೈ ಹಿಡಿಯುತ್ತಿದ್ದರೇನೋ. ಇದು ದೂರಲ್ಲ, ಪ್ರೀತಿಯ ಸಂಕಟ.

ಪಿ. ಲಂಕೇಶರು 1971ರಲ್ಲೇ ‘ಸಂಕ್ರಾಂತಿ’ಯಲ್ಲಿ ಇದೇ ಕಲ್ಯಾಣವನ್ನು ಬೇರೆ ಕಡೆಯಿಂದ ನೋಡಿದ್ದರು. ಅಲ್ಲಿ ಕೆಳಜಾತಿಯ ರುದ್ರ, ಬ್ರಾಹ್ಮಣರ ಉಷಾ. ರಾಜನ ಎದುರು ನಡೆಯುವ ವಿಚಾರಣೆಯಲ್ಲಿ ಉಷೆಯ ಮಾತಿನ ಮೇಲೆ ರುದ್ರನ ಜೀವ ಹೋಗುತ್ತದೆ. ಸಾಕ್ಷಿಕಟ್ಟೆಯಲ್ಲಿ ನಾಲಿಗೆ ತಿರುಗಿಸಿದವರನ್ನು ದಿನವೂ ಕಂಡ ನನಗೆ ಆ ದೃಶ್ಯ ಓದಿದರೂ ಕೈ ನಡುಗುತ್ತದೆ.

ಹಳೆಯ ಆಕರಗಳಿಗೆ ಹೋದರೆ ಇನ್ನೊಂದು ಸಂಗತಿ ಸಿಗುತ್ತದೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲೂ, ಅದನ್ನು ಅನುಸರಿಸಿ 1369ರಲ್ಲಿ ಭೀಮಕವಿ ಬರೆದ ಕನ್ನಡ ಬಸವಪುರಾಣದಲ್ಲೂ ಬಿಜ್ಜಳ ಇಬ್ಬರು ಶರಣರ ಕಣ್ಣು ಕೀಳಿಸಿದ ಪ್ರಸಂಗ ಇದೆ. ಮದುವೆಯ ಪ್ರಸ್ತಾಪ ಇಲ್ಲ, ಅದು ಮುಂದಿನವರ ಕೃತಿಗಳಲ್ಲಿ ಬರುತ್ತದೆ. ಅಂದರೆ ಹಳಬರ ಕಣ್ಣಿಗೆ ಇದು ಅಧಿಕಾರದ ಸೊಕ್ಕಿನ ಕ್ರೌರ್ಯ. ಮದುವೆ ಕಥೆಯೊಳಗೆ ಬಂದು ಕೂತ ಮೇಲೆ ಕೇಳುವವರ ಬೆರಳು ನಿಧಾನವಾಗಿ ರಾಜನಿಂದ ಮದುಮಕ್ಕಳ ಕಡೆ ತಿರುಗಿತು. ಬಿಜ್ಜಳನ ಸಾವಿನ ಕಥೆ ಹೇಳುವ 17ನೇ ಶತಮಾನದ ಜೈನ ಕವಿ ಧರಣಿಪಂಡಿತನ ‘ಬಿಜ್ಜಳರಾಯ ಚರಿತೆ’ ತಪ್ಪನ್ನೆಲ್ಲ ಬಸವಣ್ಣನವರ ಕಡೆಯವರ ಮೇಲೆ ಹೊರಿಸುತ್ತದೆ. ಯಾರ ಮನೆಯ ಸಾವು ಎಂಬುದರ ಮೇಲೆ ಆರೋಪಿಗಳ ಪಟ್ಟಿ ಬದಲಾಗುತ್ತದೆ.

ಶೇಕ್ಸ್‌ಪಿಯರ್‌ನ ರೋಮಿಯೊ ಮತ್ತು ಜೂಲಿಯೆಟ್ ನಾಟಕದಲ್ಲೂ ಇಂಥ ತಕರಾರು ಇದೆ. ಗುಟ್ಟಾಗಿ ಮದುವೆ ಮಾಡಿಸಿದ ಪಾದ್ರಿ ಲಾರೆನ್ಸನದೇ ತಪ್ಪು ಎನ್ನುವವರಿದ್ದಾರೆ. ಅವನು ಕಳಿಸಿದ ಕಾಗದ ಪ್ಲೇಗಿನ ದಿಗ್ಬಂಧನದಿಂದ ರೋಮಿಯೊಗೆ ಮುಟ್ಟಲಿಲ್ಲ, ಹಾಗಾಗಿ ವಿಧಿ ಎನ್ನುವವರಿದ್ದಾರೆ. ಎರಡು ಮನೆಗಳ ಹಗೆಯನ್ನು ಮಾತ್ರ ಬಿಸಿಲು ಮಳೆಯ ಹಾಗೆ ಇದ್ದದ್ದೇ ಎಂದು ಬಿಟ್ಟುಬಿಡುತ್ತಾರೆ. 1889ರಲ್ಲಿ ಆನಂದರಾಯರು ಈ ನಾಟಕವನ್ನು ‘ರಾಮವರ್ಮ ಲೀಲಾವತಿ’ ಎಂದು ಕನ್ನಡಕ್ಕೆ ತಂದಾಗ ದೇವರ ಕೃಪೆಯಿಂದ ಪ್ರೇಮಿಗಳನ್ನು ಬದುಕಿಸಿದರು. ಅಂದಿನ ಪ್ರೇಕ್ಷಕರಿಗೆ ಮಂಗಳ ಬೇಕಿತ್ತು. ಸತ್ತವರು ಎದ್ದು ಕೂತರೆ ಯಾರೂ ಉತ್ತರ ಹೇಳಬೇಕಾಗಿಲ್ಲ. ಬಿ.ಎಂ.ಶ್ರೀಯವರು 1929ರಲ್ಲಿ ಸೊಫೊಕ್ಲಿಸನ ನಾಟಕವನ್ನು ‘ಅಶ್ವತ್ಥಾಮನ್’ ಮಾಡಿ, ಚಿರಂಜೀವಿ ಎಂದೇ ಹೆಸರಾದವನನ್ನು ರಂಗದ ಮೇಲೆ ಸಾಯಿಸಿದ್ದು ಅದಕ್ಕೇ ದೊಡ್ಡ ಧೈರ್ಯ.

ಇಂದಿನ ಕಾನೂನಿಗೆ ಬಂದರೆ, ಸುಪ್ರೀಂ ಕೋರ್ಟು 2018ರ ಮಾರ್ಚ್‌ನಲ್ಲಿ ಶಕ್ತಿವಾಹಿನಿ ಪ್ರಕರಣದ ತೀರ್ಪು ಕೊಟ್ಟಿತು. ವಯಸ್ಕರಾದ ಇಬ್ಬರು ಒಪ್ಪಿ ಮದುವೆಯಾಗುವಾಗ ಮನೆಯವರ, ಜಾತಿಯವರ, ಪಂಚಾಯಿತಿಯ ಒಪ್ಪಿಗೆ ಬೇಕಿಲ್ಲ ಎಂದಿತು. ಬೆದರಿಕೆ ಇರುವ ಜೋಡಿಗಳಿಗೆ ರಕ್ಷಣೆ, ಸುರಕ್ಷಿತ ವಸತಿ, ಜಿಲ್ಲೆಗಳಲ್ಲಿ ವಿಶೇಷ ಘಟಕ ಬೇಕೆಂದು ಹೇಳಿತು. ಕಲ್ಯಾಣದಲ್ಲಿ ಕಾನೂನು ಕೊಲ್ಲುವವರ ಕಡೆ ಇತ್ತು, ಈಗ ಮದುವೆಯಾಗುವವರ ಕಡೆ ಇದೆ. ಆದರೆ ಸಾಕ್ಷಿಗೆ ಬರುವವರು ಊರಿನವರೇ. ನಾಟಕ ನೋಡಿ ಏಳುವವರೂ ಅವರೇ.

ಅದಕ್ಕೇ ‘ತಲೆದಂಡ’ ಆಡುವ ತಂಡಗಳಿಗೆ ನನ್ನದೊಂದು ಕೋರಿಕೆ. ಮದುವೆಯ ಮಾತುಕತೆಯಲ್ಲಿ ಇಬ್ಬರು ತಾಯಂದಿರು ಬರುತ್ತಾರೆ, ಹರಳಯ್ಯನ ಹೆಂಡತಿ ಕಲ್ಯಾಣಿ, ಮಧುವರಸನ ಹೆಂಡತಿ ಲಲಿತಾ. ಗಂಡಸರು ತತ್ವ ಆಡುವಾಗ ಇವರಿಗೆ ಮಕ್ಕಳ ನಾಳೆಯ ಚಿಂತೆ. ಜಿಂಕೆಯ ಚರ್ಮ ಮಾತ್ರ ಕಂಡ ಮಗಳು ಸತ್ತ ದನದ ಚರ್ಮ ಸುಲಿಯುವ ಮನೆಯಲ್ಲಿ ಹೇಗೆ ಬಾಳಿಯಾಳು ಎಂದು ಲಲಿತೆಗೆ ಭಯ. ಮದುವೆ ಕಷ್ಟ ಎಂದು ಈ ದೃಶ್ಯ ಒಪ್ಪಿಕೊಳ್ಳುತ್ತದೆ, ಆದರೆ ಈ ಹೆಂಗಸರ ಅಳುಕಿನಿಂದ ಯಾರ ಕಣ್ಣೂ ಹೋಗಲಿಲ್ಲ, ಯಾರ ಜೀವವೂ ಹೋಗಲಿಲ್ಲ. ಆ ಅಳುಕಿಗೂ ಸೋವಿದೇವನ ಆಜ್ಞೆಗೂ ನಡುವೆ ಎಷ್ಟು ದೂರವಿದೆ ಎಂದು ಪ್ರೇಕ್ಷಕರಿಗೆ ಕಾಣುವುದು ಇಲ್ಲಿಯೇ. ನಾಟಕ ಉದ್ದವಾಯಿತೆಂದು ಕತ್ತರಿ ಆಡಿಸುವಾಗ ಮೊದಲು ಸಿಗುವುದು ಇಂಥ ದೃಶ್ಯ. ದರ್ಬಾರಿನ ಮಾತುಗಳನ್ನು ಬೇಕಾದರೆ ಚಿಕ್ಕದು ಮಾಡಿ, ಆ ತಾಯಂದಿರಿಗೆ ಪೂರ್ತಿ ಹೊತ್ತು ಕೊಡಿ.