ಬೆನ್ನುಹುರಿಯ ಅಧಿಕಾರ

ಒಲೆಯ ಮೇಲಿದ್ದ ಪಾತ್ರೆಯನ್ನು ಅರಿಯದೆ ಮುಟ್ಟಿದಾಗ ಕೈ ತಟ್ಟನೆ ಹಿಂದಕ್ಕೆ ಬರುವುದು. ‘ಅಯ್ಯೋ, ಸುಟ್ಟಿತು’ ಎಂಬ ಅರಿವು ಮೂಡುವುದು ಅನಂತರ. ಈ ಹಿಂದುಮುಂದಿನ ಕಾರಣವನ್ನು ವಿಚಾರಿಸಿದರೆ, ಇಲಿಯಿಂದ ಆನೆಯ ವರೆಗೆ, ನಮ್ಮನ್ನೂ ಸೇರಿಸಿಕೊಂಡು, ಸಸ್ತನಿಗಳೆಲ್ಲದರ ನರಮಂಡಲದ ಕಟ್ಟು ಬಹುಮಟ್ಟಿಗೆ ತಿಳಿಯುತ್ತದೆ.

ಹಿಂದಿನ ಮೈಸೂರು ಸೀಮೆಯಲ್ಲಿ ಹಳ್ಳಿಯ ಪ್ರತಿಯೊಂದು ತಕರಾರನ್ನೂ ಹುಜೂರಿಗೆ ಒಯ್ಯುತ್ತಿರಲಿಲ್ಲ. ಪಟೇಲ ಶಾನುಭೋಗರ ಮಟ್ಟದಲ್ಲಿಯೇ ಎಷ್ಟೋ ತೀರಿಹೋಗುತ್ತಿದ್ದುವು. ದೇಹದಲ್ಲಿಯೂ ಹಾಗೆಯೇ. ಬೆರಳಿನಿಂದ ಹೊರಟ ಸುದ್ದಿ ಕತ್ತಿನ ಭಾಗದ ಬೆನ್ನುಹುರಿಯನ್ನು ಮುಟ್ಟಿದೊಡನೆ ಅಲ್ಲಿಂದಲೇ ಅಪ್ಪಣೆ ಹೊರಟು, ತೋಳಿನ ಸ್ನಾಯುಗಳು ಕುಗ್ಗುವುವು. ಮಿದುಳಿಗೆ ಹೋಗುವುದು ವರದಿ ಮಾತ್ರ. ಆದರೆ ಮೇಲಧಿಕಾರಿಯು ಸುಮ್ಮನೆ ಕುಳಿತಿಲ್ಲ. ಕೈಯಲ್ಲಿ ಸುಡುವ ಕಾಫಿಯ ಲೋಟ, ಮಡಿಲಲ್ಲಿ ಮಗು ಇದ್ದರೆ, ಲೋಟವನ್ನು ಕೆಳಗಿಡುವ ತನಕ ಕೈ ಬಿಡದಂತೆ ಬೆನ್ನುಹುರಿಯನ್ನು ತಡೆದು ನಿಲ್ಲಿಸುವುದು ಮಿದುಳೇ.

ಈ ಸುದ್ದಿಯನ್ನು ಹೊರುವುವು ನರಕೋಶಗಳು. ಮನುಷ್ಯನ ಮಿದುಳಿನಲ್ಲಿ ಇವು ಸುಮಾರು 8,600 ಕೋಟಿ. ಇವೆಲ್ಲವೂ ಒಂದೇ ಬಲೆಯಾಗಿ ಬೆಸೆದಿವೆಯೆಂದು ಇಟಲಿಯ ಗಾಲ್ಜಿ ನಂಬಿದ್ದನು. ಒಂದೊಂದೂ ಬಿಡಿಯೆಂದು ಸ್ಪೇನಿನ ಕಾಹಾಲ್ ವಾದಿಸಿದನು, ಅದೂ ಗಾಲ್ಜಿಯೇ ಕಂಡುಹಿಡಿದ ಬಣ್ಣ ಕಟ್ಟುವ ವಿಧಾನದಿಂದ! 1906ರಲ್ಲಿ ಇಬ್ಬರಿಗೂ ಒಟ್ಟಿಗೆ ನೊಬೆಲ್ ಬಹುಮಾನ ಬಂದಿತು. ಗೆದ್ದುದು ಕಾಹಾಲನ ಮತ.

ಸುದ್ದಿಯ ವೇಗವನ್ನು ಅಳೆಯಲಾಗದೆಂದು ದೊಡ್ಡ ವಿದ್ವಾಂಸರೇ ಎಣಿಸಿದ್ದ ಕಾಲದಲ್ಲಿ, 1850ರಲ್ಲಿ, ಜರ್ಮನಿಯ ಹೆಲ್ಮ್‌ಹೋಲ್ಟ್ಸನು ಕಪ್ಪೆಯ ನರದಲ್ಲಿ ಅದನ್ನು ಅಳೆದನು: ಸೆಕೆಂಡಿಗೆ ಸುಮಾರು 30 ಮೀಟರು. ಸಸ್ತನಿಗಳಲ್ಲಿ ಕೊಬ್ಬಿನ ಕವಚ ತೊಟ್ಟ ದಪ್ಪ ತಂತುಗಳು 100 ಮೀಟರನ್ನೂ ಮೀರುವುವು. ಮಂದವಾದ ನೋವನ್ನು ತರುವ ಬರಿಯ ತಂತುಗಳಾದರೋ ಸೆಕೆಂಡಿಗೆ ಒಂದು ಮೀಟರಿನಷ್ಟು ತೆವಳುವುವು. ಹೊಸಲಿಗೆ ಕಾಲು ಎಡವಿದಾಗ ಮೊದಲು ತಾಗಿದ್ದು ತಿಳಿದು, ಕ್ಷಣ ಬಿಟ್ಟು ನೋವು ಏರಿಬರುವುದು ಇದರಿಂದಲೇ.

ಇನ್ನು ಈ ವಿಷಯದ ಕಠಿಣ ಭಾಗ. ಮಲೆನಾಡಿನಲ್ಲಿ ಅಡಕೆಯ ಮರದಿಂದಲೋ ಕರಾವಳಿಯಲ್ಲಿ ತೆಂಗಿನ ಮರದಿಂದಲೋ ಬಿದ್ದವನ ಬೆನ್ನುಹುರಿ ಎದೆಯ ಮಟ್ಟದಲ್ಲಿ ಪೂರ್ಣವಾಗಿ ತುಂಡಾಯಿತೆನ್ನೋಣ. ಕಾಲುಗಳು ಮೊದಲು ನಿಶ್ಚೇಷ್ಟವಾಗಿರುವುವು. ಕೆಲವು ವಾರಗಳ ಮೇಲೆ ಅಂಗಾಲನ್ನು ಗೀರಿದರೆ ಕಾಲು ಮಡಿಸಿಕೊಳ್ಳುವುದು. ಮನೆಯವರು ‘ಗುಣವಾಗುತ್ತಿದೆ’ ಎಂದು ಹರ್ಷಿಸುವರು. ವೈದ್ಯರ ಮುಖದಲ್ಲಿ ಆ ಹರ್ಷ ಕಾಣುವುದಿಲ್ಲ. ಹುಜೂರಿನ ಸಂಪರ್ಕ ಕಡಿದ ಮೇಲೂ ಹಳ್ಳಿಯ ಚಾವಡಿ ನಡೆಯುತ್ತಿದೆ, ಅಷ್ಟೆ. ಆ ಚಲನೆಯನ್ನು ಕಾಲಿನ ಒಡೆಯನು ಅರಿಯನು.

ಮಣಿಕಟ್ಟಿನ ನರ ಕೊಯ್ದರೆ, ತುದಿಗಳನ್ನು ಕೂಡಿಸಿ ಹೊಲಿದಲ್ಲಿ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮತ್ತೆ ಬೆಳೆಯುವುದುಂಟು. ಹುರಿಯೊಳಗಿನ ತಂತುಗಳು ಹಾಗೆ ಬೆಳೆಯಲಾರವು. ಮೀನು ಇದನ್ನು ಸಾಧಿಸುತ್ತದೆ; ಬೆಳೆದ ಸಸ್ತನಿಗಿಲ್ಲ. ಬೆಳೆಯುವ ಶಕ್ತಿಯೇ ಇಲ್ಲವೆಂದು ಬಹುಕಾಲ ತಿಳಿದಿದ್ದರು. 1981ರಲ್ಲಿ ಮಾಂಟ್ರಿಯಲ್ ನಗರದ ಡೇವಿಡ್ ಮತ್ತು ಅಗ್ವಾಯೋ ಎಂಬವರು ಇಲಿಗಳ ಹುರಿಗೆ ಕಾಲಿನ ನರದ ತುಂಡನ್ನು ಸೇತುವೆಯಂತೆ ಜೋಡಿಸಲು, ತಂತುಗಳು ಅದರೊಳಗೆ ಸುಮಾರು ಮೂರು ಸೆಂಟಿಮೀಟರು ಬೆಳೆದುವು. ಎಂದರೆ ಕೊರತೆಯ ಬಹುಭಾಗ ತಂತುವಿನದಲ್ಲ, ನೆಲದ್ದು. ಹುರಿಯೊಳಗಿನ ಕವಚದಲ್ಲಿಯೂ ಗಾಯದ ಕಲೆಯಲ್ಲಿಯೂ ಬೆಳವಣಿಗೆಯನ್ನು ತಡೆಯುವ ವಸ್ತುಗಳಿವೆ. ಇದನ್ನು ಚಿಕಿತ್ಸೆಯಾಗಿ ಮಾಡುವ ಯತ್ನಗಳು ನಡೆದಿವೆ. ಕೈಗೂಡಿದೆಯೆಂದು ನಾವು ಹೇಳಲಾರೆವು.

ಆದುದರಿಂದ ಬಿದ್ದವನನ್ನು ಕಂಡೊಡನೆ ಕಂಕುಳಿಗೆ ಕೈಹಾಕಿ ಎತ್ತಿ ಕೂರಿಸುವ ನಮ್ಮ ರೂಢಿ ಬಹಳ ಅಪಾಯಕರ. ಮುರಿದ ಎಲುಬಿನ ಚೂರು, ಉಳಿದಿದ್ದ ತಂತುಗಳನ್ನೂ ಆಗ ಕತ್ತರಿಸಿಬಿಡಬಹುದು. ಅವನನ್ನು ಅಲುಗಿಸದೆ ಆಂಬುಲೆನ್ಸಿಗೆ ಹೇಳಿಕಳುಹಿಸಬೇಕು. ಒಯ್ಯದೆ ಗತಿಯಿಲ್ಲವಾದರೆ, ನಾಲ್ಕಾರು ಮಂದಿ ಸೇರಿ, ತಲೆ ಕತ್ತು ಬೆನ್ನು ಒಂದೇ ಗೆರೆಯಲ್ಲಿರುವಂತೆ ಒಟ್ಟಿಗೆ ಹೊರಳಿಸಿ, ಗಟ್ಟಿಯಾದ ಹಲಗೆಯ ಮೇಲೆ ಮಲಗಿಸಬೇಕು. ಮನೆಯ ಬಾಗಿಲನ್ನು ಕಳಚಿ ತಂದರೂ ಆದೀತು.