ವಿದ್ಯುತ್ ವಾಹನವಾಗಿ ಪರಿವರ್ತಿತವಾದ ಕಾರಿಗೆ ಜನರೇಟರ್ ಅಳವಡಿಕೆ: ಸಾರ್ವಜನಿಕರಿಗೆ ಮಾಹಿತಿ

ಪರಿವರ್ತಿತ ವಿದ್ಯುತ್ ಕಾರಿನ ಮಾಲೀಕರು, ಸಾಂಬ್ರಾದಿಂದ ಖಾನಾಪುರಕ್ಕೆ ಹೋಗಿ ಮರಳಲು ಬ್ಯಾಟರಿ ಸಾಲದೆಂದು ಡಿಕ್ಕಿಯಲ್ಲಿ ಜನರೇಟರ್ ಅಳವಡಿಸಲು ಬಯಸಿದಲ್ಲಿ, ಮೊದಲು ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಪ್ರಯೋಜನ: 2 ಕಿಲೋವ್ಯಾಟ್ ಜನರೇಟರ್ ಗಂಟೆಗೆ ಹೆಚ್ಚೆಂದರೆ 2 ಯೂನಿಟ್ ನೀಡುತ್ತದೆ. ಯೂನಿಟ್ಟಿಗೆ 7 ಕಿ.ಮೀ. ಓಡುವ ಕಾರಿಗೆ ಇದು 14 ಕಿ.ಮೀ. ಮಾತ್ರ.

2. ಅಪಾಯ: ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಾಗಲಿ ವಾಸನೆಯಾಗಲಿ ಇರುವುದಿಲ್ಲ. ಮುಚ್ಚಿದ ವಾಹನದೊಳಗೆ ಇದರಿಂದ ಪ್ರಾಣಹಾನಿ ಸಂಭವಿಸಬಹುದು.

3. ಕಾನೂನು: ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52ರಂತೆ ವಾಹನದ ಮಾರ್ಪಾಡು ನಿರ್ಬಂಧಿತವಾಗಿದೆ. ವಿದ್ಯುತ್ ಕಿಟ್‌ಗೆ ದೊರೆತ ಅನುಮೋದನೆಯು ಪರೀಕ್ಷೆಗೊಳಪಟ್ಟ ಕಿಟ್‌ಗೆ ಮಾತ್ರ ಅನ್ವಯಿಸುತ್ತದೆ. ಬಳಿಕ ಸೇರಿಸಿದ ಜನರೇಟರ್‌ಗೆ ಅನ್ವಯಿಸುವುದಿಲ್ಲ. 2019ರ ತಿದ್ದುಪಡಿಯ ಮೇರೆಗೆ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ ರೂ. 5,000 ದಂಡ ಅಥವಾ 6 ತಿಂಗಳವರೆಗೆ ಕಾರಾವಾಸ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

4. ಕ್ರಮ: ಹಣ ತೆರುವ ಮುನ್ನವೇ, ಪುಣೆಯ ಎ.ಆರ್.ಎ.ಐ.ನಂತಹ ಅಧಿಕೃತ ಪರೀಕ್ಷಾ ಸಂಸ್ಥೆಯ ಅನುಮೋದನಾ ಪತ್ರವನ್ನು ಮಾರಾಟಗಾರರಿಂದ ಪಡೆದು, ಬೆಳಗಾವಿಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸತಕ್ಕದ್ದು.

ಚಾರ್ಜರ್ ಹೊಂದುವುದಾದರೆ, ಸುಸ್ಥಿತಿಯಲ್ಲಿರುವ 15 ಆಂಪಿಯರ್ ಸಾಕೆಟ್ಟಿನಿಂದ ಗಂಟೆಗೆ ಸುಮಾರು 3 ಯೂನಿಟ್ ದೊರೆಯುತ್ತದೆ. ಇದು ಮೇಲೆ ಹೇಳಿದ ಜನರೇಟರ್‌ಗಿಂತ ಹೆಚ್ಚು. ವಾಹನದ ಮಾರ್ಪಾಡೂ ಅಗತ್ಯವಿಲ್ಲ. ಆದುದರಿಂದ ಖಾನಾಪುರದಲ್ಲಿ ತಂಗುವ ಅವಧಿಯಲ್ಲಿಯೇ ಚಾರ್ಜ್ ಮಾಡಿಕೊಳ್ಳುವುದನ್ನು ಮೊದಲು ಪರಿಶೀಲಿಸುವಂತೆ ಕೋರಲಾಗಿದೆ.