ಅಕ್ಷರದ ಅಲಂಕಾರ ಮತ್ತು ಅರ್ಥದ ರಕ್ಷಣೆ



ಮನೆಯಲ್ಲಿ ಮಂಗಲಕಾರ್ಯವೊಂದು ನಿಶ್ಚಯವಾದೊಡನೆ ಹಿರಿಯರು ಮೊದಲು ಚಿಂತಿಸುವ ಸಂಗತಿಗಳಲ್ಲಿ ಆಮಂತ್ರಣ ಪತ್ರಿಕೆಯೂ ಒಂದು. ಹಿಂದೆ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸುವವರ ಕೈಯಲ್ಲಿದ್ದ ಈ ಕಾರ್ಯ ಇಂದು ಗಣಕಯಂತ್ರದ ಮುಂದೆ ಕುಳಿತ ತರುಣರ ಕೈಗೆ ಬಂದಿದೆ. ಶಿರೋನಾಮೆಯ ಅಕ್ಷರಗಳು ಬಂಗಾರದಂತೆ ಹೊಳೆಯುತ್ತವೆ, ಕಲ್ಲಿನಲ್ಲಿ ಕಡೆದಂತೆ ಉಬ್ಬಿ ನಿಲ್ಲುತ್ತವೆ, ನೆಲಕ್ಕೆ ನೆರಳನ್ನು ಚೆಲ್ಲುತ್ತವೆ. ನೋಡುವ ಕಣ್ಣಿಗೆ ಇದೆಲ್ಲ ಹಿತವೇ. ಆದರೆ ನೋಡುವುದು ಬೇರೆ, ಓದುವುದು ಬೇರೆ. ಈ ಎರಡರ ಅಂತರವನ್ನು ನಮಗೆ ಮನಗಾಣಿಸಿದ ಒಂದು ಪ್ರಸಂಗವನ್ನು ಮೊದಲು ನಿವೇದಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ಧಾರವಾಡ ಸೀಮೆಯ ಹಳ್ಳಿಯೊಂದರ ಪ್ರೌಢಶಾಲೆಯವರು ವಾರ್ಷಿಕೋತ್ಸವದಲ್ಲಿ ಎರಡು ಮಾತು ಹೇಳಲು ನಮ್ಮನ್ನು ಬರಮಾಡಿಕೊಂಡಿದ್ದರು. ವೇದಿಕೆಯ ಹಿಂದೆ ಹನ್ನೆರಡು ಅಡಿ ಅಗಲದ ಫ್ಲೆಕ್ಸ್ ಫಲಕವಿತ್ತು. ಅದರ ಮೇಲೆ ಹೊಂಬಣ್ಣದ, ದಪ್ಪ ಅಂಚು ಕಟ್ಟಿದ ಅಕ್ಷರಗಳಲ್ಲಿ ‘ವಿದ್ಯೆಯೇ ಧನ’ ಎಂದು ಬರೆಯಿಸಿದ್ದರು. ಬರೆಯಿಸಿದ್ದು ಹಾಗೆ; ಸಭೆಯಲ್ಲಿ ಕುಳಿತವರ ಕಣ್ಣಿಗೆ ಕಂಡದ್ದು ಮಾತ್ರ ‘ವಿದ್ಯೆಯೇ ದನ’ ಎಂದು. ಹಿಂದಿನ ಸಾಲಿನ ಮಕ್ಕಳು ಮೊದಲು ನಕ್ಕರು; ಅವರನ್ನು ಗದರಿಸಲು ತಿರುಗಿದ ಪಾಲಕರೂ ಫಲಕವನ್ನು ನೋಡಿ ನಕ್ಕುಬಿಟ್ಟರು. ಮುಖ್ಯೋಪಾಧ್ಯಾಯರ ಮುಖ ಬಾಡಿತು. ತಿಂಗಳುಗಟ್ಟಲೆ ದುಡಿದು ಅವರು ಅಣಿಗೊಳಿಸಿದ್ದ ಸಮಾರಂಭ ಒಂದು ಅಕ್ಷರದ ದೆಸೆಯಿಂದ ನಗೆಯ ವಸ್ತುವಾಯಿತು. ಕಾರ್ಯಕ್ರಮ ಮುಗಿದ ಮೇಲೆ ನಾವು ಫಲಕದ ಸಮೀಪಕ್ಕೆ ಹೋಗಿ ನೋಡಿದೆವು. ಕಾಗುಣಿತ ತಪ್ಪಿರಲಿಲ್ಲ, ಅಲ್ಲಿದ್ದುದು ‘ಧ’ಕಾರವೇ. ಅದರ ಬುಡದಲ್ಲಿರಬೇಕಾದ ಸೀಳನ್ನು ಬಂಗಾರದ ಅಂಚು ನುಂಗಿಹಾಕಿತ್ತು.

ಮರುವಾರ ನಾವು ಆ ಫಲಕವನ್ನು ಸಿದ್ಧಪಡಿಸಿದ ತರುಣನಲ್ಲಿಗೆ ಹೋದೆವು; ದೂರುವುದಕ್ಕಲ್ಲ, ತಿಳಿಯುವುದಕ್ಕೆ. “ಇಲ್ಲಿ ಕುಂತು ನೋಡಿದ್ರ ಛಲೋನ ಕಾಣ್ತಿತ್ರೀ ಗುರುಗಳ, ಅಲ್ಲಿ ಹಿಂಗ ಆಗ್ತದಂತ ಗೊತ್ತಾಗಲಿಲ್ರೀ” ಎಂದು ಆತ ನೊಂದುಕೊಂಡು ಹೇಳಿದ. ಆ ದಿನ ಮತ್ತು ಮುಂದಿನ ಹಲವು ದಿನ ಆತನ ಪಕ್ಕದಲ್ಲಿ ಕುಳಿತು ಈ ವಿದ್ಯೆಯ ಒಳಮರ್ಮವನ್ನು ಕಂಡುಕೊಂಡೆವು. ಅದರ ಸಾರವನ್ನೇ ಇಲ್ಲಿ ಅರಿಕೆ ಮಾಡುತ್ತಿದ್ದೇವೆ.

ನೆರಳು–ಬೆಳಕಿನ ಹಳೆಯ ವಿದ್ಯೆ

ಅಕ್ಷರವನ್ನು ನೆರಳು–ಬೆಳಕಿನಿಂದ ಎದ್ದು ಕಾಣಿಸುವ ಕಲೆ ಗಣಕಯಂತ್ರದೊಂದಿಗೆ ಹುಟ್ಟಿದ್ದಲ್ಲ. ನಮ್ಮ ನಾಡಿನ ಶಿಲ್ಪಿಗಳು ಅದನ್ನು ಉಳಿಯಿಂದ ಸಾಧಿಸಿದ್ದರು. ಹೊಯ್ಸಳರ ಕಾಲದ ಶಾಸನಗಳ ದುಂಡಾದ, ಮುತ್ತು ಪೋಣಿಸಿದಂತಹ ಅಕ್ಷರಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸವೆದ ಶಾಸನವನ್ನು ನಡುಹಗಲಿನ ನೆತ್ತಿಯ ಬಿಸಿಲಿನಲ್ಲಿ ಓದುವುದು ಕಷ್ಟ. ಬೆಳಕು ಓರೆಯಾಗಿ ಬಿದ್ದಾಗ ಕಡೆದ ಗೆರೆಯ ಒಂದು ಬದಿ ಬೆಳಗಿ, ಇನ್ನೊಂದು ಬದಿಯಲ್ಲಿ ನೆರಳು ನಿಂತು, ಅಕ್ಷರ ತಾನಾಗಿ ಮೇಲೇಳುತ್ತದೆ. ಗಣಕಯಂತ್ರದಲ್ಲಿ ಉಬ್ಬು ಅಕ್ಷರ ಮಾಡುವಾಗ ನಡೆಯುವುದೂ ಇದೇ. ಬೆಳಕು ಯಾವ ದಿಕ್ಕಿನಿಂದ ಬರುತ್ತಿದೆ ಎಂಬ ಕೋನವನ್ನು ತಂತ್ರಾಂಶಕ್ಕೆ ತಿಳಿಸಿದರೆ, ಅಕ್ಷರದ ಒಂದು ಅಂಚನ್ನು ಅದು ತಿಳಿಗೊಳಿಸುತ್ತದೆ, ಎದುರಿನ ಅಂಚನ್ನು ಕಪ್ಪಾಗಿಸುತ್ತದೆ. ಮಿಕ್ಕದ್ದನ್ನು ನಮ್ಮ ಕಣ್ಣೇ ಊಹಿಸಿಕೊಳ್ಳುತ್ತದೆ.

ಅಂಗಡಿಗಳ ನಾಮಫಲಕಗಳನ್ನೂ ಚಲನಚಿತ್ರಗಳ ಭಿತ್ತಿಚಿತ್ರಗಳನ್ನೂ ಕುಂಚದಿಂದ ಬರೆಯುತ್ತಿದ್ದ ಕಲಾವಿದರು ಕೂಡ ಅಕ್ಷರದ ಬಲಬದಿಗೂ ಕೆಳಬದಿಗೂ ಗಾಢವರ್ಣದ ನೆರಳನ್ನು ಎಳೆಯುತ್ತಿದ್ದರು. ಆದರೆ ಅವರಿಗೊಂದು ಅನುಕೂಲವಿತ್ತು: ಸೀಳು ಮುಚ್ಚಿಹೋಗುವಂತೆ ಕಂಡರೆ ಕುಂಚ ಹಿಡಿದ ಕೈ ಅಲ್ಲಿಯೇ ನಿಲ್ಲುತ್ತಿತ್ತು. ಯಂತ್ರಕ್ಕೆ ಆ ವಿವೇಕವಿಲ್ಲ.

ಪದರಗಳ ಮರ್ಮ

ಥಾಮಸ್ ನೋಲ್ ಮತ್ತು ಜಾನ್ ನೋಲ್ ಎಂಬ ಸಹೋದರರು ರೂಪಿಸಿದ ಫೋಟೋಶಾಪ್ ತಂತ್ರಾಂಶವನ್ನು ಅಡೋಬಿ ಸಂಸ್ಥೆ 1990ರಲ್ಲಿ ಹೊರತಂದಿತು. ಆಗ ಅಕ್ಷರವನ್ನು ಚಿತ್ರದ ಮೇಲೆ ಇರಿಸಿದೊಡನೆ ಅದು ಚಿತ್ರದಲ್ಲಿಯೇ ಬೆರೆತುಹೋಗುತ್ತಿತ್ತು. 1994ರ ಮೂರನೆಯ ಆವೃತ್ತಿಯಲ್ಲಿ ‘ಲೇಯರ್’ ಎಂಬ ಪದರಗಳ ವ್ಯವಸ್ಥೆ ಬಂದಿತು. ಒಂದರ ಮೇಲೊಂದು ಗಾಜಿನ ಹಾಳೆಗಳನ್ನಿಟ್ಟು, ಒಂದರಲ್ಲಿ ಹಿನ್ನೆಲೆ, ಒಂದರಲ್ಲಿ ನೆರಳು, ಮೇಲಿನದರಲ್ಲಿ ಅಕ್ಷರ ಬರೆದಂತೆ ಇದನ್ನು ಭಾವಿಸಬಹುದು. 1998ರ ಐದನೆಯ ಆವೃತ್ತಿಯಲ್ಲಿ ಅಕ್ಷರಗಳನ್ನು ಇರಿಸಿದ ಮೇಲೂ ತಿದ್ದುವ ಸೌಕರ್ಯವೂ, ನೆರಳು, ಪ್ರಭೆ, ಉಬ್ಬು ಇವುಗಳನ್ನು ಪದರಕ್ಕೆ ನೇರವಾಗಿ ತೊಡಿಸುವ ಸೌಕರ್ಯವೂ ಸೇರಿದವು.

ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬಿಬ್ಬರು ಅಮೆರಿಕದ ಬರ್ಕ್ಲಿಯಲ್ಲಿ ವಿದ್ಯಾರ್ಥಿಗಳಾಗಿದ್ದಾಗ ಆರಂಭಿಸಿದ ಗಿಂಪ್ ಎಂಬ ತಂತ್ರಾಂಶ 1996ರಲ್ಲಿ ಸಾರ್ವಜನಿಕರ ಕೈಸೇರಿತು. ಇದಕ್ಕೆ ಬೆಲೆ ತೆರಬೇಕಾಗಿಲ್ಲ. 2025ರಲ್ಲಿ ಬಂದ ಇದರ ಮೂರನೆಯ ಆವೃತ್ತಿಯಲ್ಲಿ ಮೂಲ ಪದರ ಕೆಡದಂತೆ ಅಲಂಕಾರವನ್ನು ತೊಡಿಸಿ, ಬೇಡವಾದಾಗ ಕಳಚುವ ಅನುಕೂಲವೂ ಇದೆ. ಮನೆಯ ಮಕ್ಕಳು ಕಲಿಯುವುದಕ್ಕೆ ಇದು ಧಾರಾಳವಾಗಿ ಸಾಕು.

ನಾಲ್ಕು ಮುಖ್ಯ ಅಲಂಕಾರಗಳು

ನಾವು ಕಾಣುವ ಹೆಚ್ಚಿನ ಅಕ್ಷರ ವೈಭವವೆಲ್ಲ ನಾಲ್ಕು ಅಲಂಕಾರಗಳ ಕೂಡಿಕೆಯಷ್ಟೇ.

ಮೊದಲನೆಯದು ನೆರಳು, ‘ಡ್ರಾಪ್ ಶಾಡೋ’ ಎಂದು ಇದರ ಹೆಸರು. ಅಕ್ಷರದ ಕಪ್ಪು ಪ್ರತಿಯೊಂದನ್ನು ಮಾಡಿ, ಅದನ್ನು ಮಸುಕುಗೊಳಿಸಿ, ಸ್ವಲ್ಪ ಸರಿಸಿ, ಮೂಲ ಅಕ್ಷರದ ಕೆಳಗೆ ಇಟ್ಟರೆ ಅದೇ ನೆರಳು. ಎಷ್ಟು ದೂರ ಸರಿಸಬೇಕು, ಎಷ್ಟು ಮಸುಕಾಗಬೇಕು, ಎಷ್ಟು ಗಾಢವಾಗಿರಬೇಕು ಎಂಬುವನ್ನು ಸಂಖ್ಯೆಗಳಲ್ಲಿ ಸೂಚಿಸುತ್ತಾರೆ. ನೆರಳು ದೂರ ಸರಿದಷ್ಟೂ ಅಕ್ಷರ ಹಾಳೆಯಿಂದ ಮೇಲೆ ತೇಲಿದಂತೆ ಕಾಣುತ್ತದೆ.

ಎರಡನೆಯದು ಅಂಚು, ‘ಸ್ಟ್ರೋಕ್’ ಎಂದು ಕರೆಯುತ್ತಾರೆ. ಇದನ್ನು ಅಕ್ಷರದ ಹೊರಗೆ, ಒಳಗೆ ಅಥವಾ ಗೆರೆಯ ಮಧ್ಯದಲ್ಲಿ ಕಟ್ಟಬಹುದು. ಹೊರಗೆ ಕಟ್ಟಿದ ಅಂಚು ಅಕ್ಷರದ ತೆರವುಗಳನ್ನು ತಿನ್ನುತ್ತದೆ. ಒಳಗೆ ಕಟ್ಟಿದ ಅಂಚು ಅಕ್ಷರದ ಮೈಯನ್ನು ತಿನ್ನುತ್ತದೆ.

ಮೂರನೆಯದು ಉಬ್ಬು, ‘ಬೆವೆಲ್ ಅಂಡ್ ಎಂಬಾಸ್’ ಎಂಬುದು ಇದೇ. ಇದರಲ್ಲಿ ‘ಇನ್ನರ್ ಬೆವೆಲ್’ ಎಂಬ ಬಗೆ ಅಕ್ಷರದ ಮೈಯೊಳಗೇ ಉಳಿಯುವುದರಿಂದ ಕನ್ನಡಕ್ಕೆ ಹೆಚ್ಚು ಸುರಕ್ಷಿತ. ಹೊರಕ್ಕೆ ಹಬ್ಬುವ ಬಗೆ ಅಂಚಿನಂತೆಯೇ ತೆರವನ್ನು ಮುಚ್ಚುತ್ತದೆ.

ನಾಲ್ಕನೆಯದು ವರ್ಣಕ್ರಮ, ‘ಗ್ರೇಡಿಯಂಟ್’. ಬಂಗಾರದ ಭ್ರಾಂತಿ ಹುಟ್ಟುವುದು ಒಂದೇ ಹಳದಿ ಬಣ್ಣದಿಂದಲ್ಲ. ಗಾಢ ಕಂದು, ಅರಿಸಿನ, ಕೆನೆಬಿಳುಪು, ಮತ್ತೆ ಅರಿಸಿನ, ಮತ್ತೆ ಕಂದು ಹೀಗೆ ಪಟ್ಟೆಗಳು ಒಂದರೊಳಗೊಂದು ಕರಗಿದಾಗ ಲೋಹದ ಹೊಳಪು ಬರುತ್ತದೆ. ಆದರೆ ಆ ಕೆನೆಬಿಳುಪಿನ ಪಟ್ಟೆ ಬಿಳಿಯ ಹಾಳೆಯ ಮೇಲೆ ಬಿದ್ದರೆ ಅಕ್ಷರದ ನಡುಭಾಗವೇ ಮಾಯವಾಗುತ್ತದೆ. ಬಂಗಾರದ ಅಕ್ಷರಕ್ಕೆ ಗಾಢ ಹಿನ್ನೆಲೆಯೇ ತಕ್ಕುದು.

ಕನ್ನಡ ಲಿಪಿಯ ಸೂಕ್ಷ್ಮ

ಈ ಅಲಂಕಾರಗಳನ್ನು ರೂಪಿಸಿದವರ ಕಣ್ಮುಂದೆ ಇದ್ದುದು ಮುಖ್ಯವಾಗಿ ರೋಮನ್ ಲಿಪಿ. ಅದರ ದೊಡ್ಡ ಅಕ್ಷರಗಳಲ್ಲಿ ತೆರವುಗಳು ಅಗಲ. ತಲೆಯ ಮೇಲೆ, ಬುಡದ ಕೆಳಗೆ ಏನೂ ಇಲ್ಲ. ಕನ್ನಡದ ಸಂಗತಿ ಬೇರೆ. ‘ದ’ಕ್ಕೂ ‘ಧ’ಕ್ಕೂ ಭೇದ ಬುಡದ ಒಂದು ಸೀಳು ಮಾತ್ರ, ಮಕ್ಕಳು ಅದನ್ನು ‘ಹೊಟ್ಟೆ ಸೀಳಿದ ಅಕ್ಷರ’ ಎನ್ನುತ್ತಾರೆ. ‘ಧ’ದ ಒಡಲಿಗೆ ಒಂದು ಚುಕ್ಕೆ ಬಂದರೆ ಅದು ‘ಥ’. ‘ರ’ದ ಒಡಲಿಗೆ ಚುಕ್ಕೆ ಬಂದರೆ ‘ಠ’. ಈ ಚುಕ್ಕೆಯನ್ನು ಅಂಚು ಅಥವಾ ಪ್ರಭೆ ನುಂಗಿದರೆ ‘ಮಠ’ ಎಂಬುದು ‘ಮರ’ವಾಗುತ್ತದೆ, ಸೀಳು ಮುಚ್ಚಿದರೆ ‘ಮಧ್ಯ’ ಎಂಬುದು ‘ಮದ್ಯ’ವಾಗುತ್ತದೆ. ‘ಮಧ್ಯಾಹ್ನ ಭೋಜನ’ಕ್ಕೆ ಬಂಧುಗಳನ್ನು ಕರೆಯುವ ಪತ್ರಿಕೆಯಲ್ಲಿ ಇಂಥದು ನಡೆದರೆ ಗತಿಯೇನು?

ಇದರ ಲೆಕ್ಕವನ್ನು ನೋಡೋಣ. ಮುದ್ರಣಕ್ಕಾಗಿ ಚಿತ್ರವನ್ನು ಅಂಗುಲಕ್ಕೆ 300 ಪಿಕ್ಸೆಲ್‌ಗಳಂತೆ, ಎಂದರೆ 300 ಚುಕ್ಕೆಗಳಂತೆ ಸಿದ್ಧಪಡಿಸುತ್ತಾರೆ. ಆ ಪ್ರಮಾಣದಲ್ಲಿ 12 ಪಿಕ್ಸೆಲ್‌ಗಳೆಂದರೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಒಂದು ಸೀಳಿನ ಅಗಲ 20 ಪಿಕ್ಸೆಲ್ ಇದೆಯೆಂದು ಇಟ್ಟುಕೊಳ್ಳಿರಿ. ಹೊರಗಡೆ 10 ಪಿಕ್ಸೆಲ್ ಅಂಚು ಕಟ್ಟಿದರೆ ಅದು ಸೀಳಿನ ಎಡದಿಂದ ಹತ್ತು, ಬಲದಿಂದ ಹತ್ತು ಪಿಕ್ಸೆಲ್ ಆಕ್ರಮಿಸಿ ಸೀಳನ್ನು ಪೂರ್ತಿ ಮುಚ್ಚಿಬಿಡುತ್ತದೆ. ನಾವು ಆ ತರುಣನೊಂದಿಗೆ ಪ್ರಯೋಗ ಮಾಡಿ ಕಂಡುಕೊಂಡ ನಿಯಮ ಇಷ್ಟೇ: ಅತ್ಯಂತ ಕಿರಿದಾದ ತೆರವನ್ನು ಅಳೆಯಬೇಕು, ಅಂಚು ಅದರ ಕಾಲುಭಾಗವನ್ನು ಮೀರಬಾರದು. ಆಗ ಅರ್ಧ ತೆರವಾದರೂ ಉಳಿಯುತ್ತದೆ.

ಒತ್ತಕ್ಷರಗಳದು ಇನ್ನೊಂದು ಬಾಧೆ. ಮೇಲಿನ ಸಾಲಿನ ನೆರಳು ಕೆಳಕ್ಕೆ ಹೆಚ್ಚು ಚಾಚಿದರೆ ಒತ್ತುಗಳು ಅದರಲ್ಲಿ ಮುಳುಗುತ್ತವೆ. ಅಕ್ಷರಗಳನ್ನು ಕಮಾನಿನಂತೆ ಬಾಗಿಸಿದಾಗ ಅವುಗಳ ತಲೆಗಳು ದೂರ ಸರಿದು ಬುಡಗಳು ಹತ್ತಿರವಾಗುತ್ತವೆ. ಪಕ್ಕಪಕ್ಕದ ಒತ್ತುಗಳು ಒಂದಕ್ಕೊಂದು ತಾಗುತ್ತವೆ. ಆದುದರಿಂದ ಒತ್ತು ಹೆಚ್ಚಿರುವ ಹೆಸರುಗಳಿಗೆ ಕಮಾನು ಸಲ್ಲದು. ಬೇಕೇ ಬೇಕೆಂದರೆ ಅಕ್ಷರಗಳ ನಡುವೆ ಹೆಚ್ಚಿನ ಅವಕಾಶ ಬಿಡಬೇಕು.

ಯುನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಿಂದಲೇ ಸ್ಥಾನವಿದೆ. ಅಲ್ಲಿ ವ್ಯಂಜನ, ಸ್ವರಚಿಹ್ನೆಗಳನ್ನು ಕ್ರಮವಾಗಿ ಕೊಟ್ಟರೆ ಒತ್ತುಗಳನ್ನು ಕೂಡಿಸುವ ಹೊಣೆ ತಂತ್ರಾಂಶದ್ದು. ಗಿಂಪ್ ಇದನ್ನು ತಾನಾಗಿ ಮಾಡುತ್ತದೆ. ಫೋಟೋಶಾಪ್‌ನ ಹಲವು ಆವೃತ್ತಿಗಳಲ್ಲಿ ಮಾತ್ರ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆಯನ್ನು ನಾವೇ ಗುರುತು ಮಾಡಬೇಕು; ಮರೆತರೆ ಒತ್ತುಗಳು ಚೆದರಿ ‘ಧರ್ಮ’ದ ಅರ್ಕಾವೊತ್ತು ತನ್ನ ಸ್ಥಾನ ಬಿಟ್ಟು ನಿಲ್ಲುತ್ತದೆ. ಯುನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಒತ್ತು, ದೀರ್ಘ ಇವೆಲ್ಲ ಬಿಡಿ ತುಂಡುಗಳು. ಅಲ್ಲಿ ಅಕ್ಷರಗಳ ಅಂತರವನ್ನು ಹಿಗ್ಗಿಸಿದರೆ ದೀರ್ಘವು ತನ್ನ ಅಕ್ಷರವನ್ನು ಬಿಟ್ಟು ದೂರ ಹೋಗುತ್ತದೆ.

ಒಂದು ಶಿರೋನಾಮೆಯ ಕ್ರಮ

ಮನೆಯಲ್ಲಿ ಗಣಕಯಂತ್ರವಿದ್ದವರು ಹೀಗೆ ಮಾಡಿ ನೋಡಬಹುದು. 148 ಮಿಲಿಮೀಟರ್ ಅಗಲ, 210 ಮಿಲಿಮೀಟರ್ ಎತ್ತರದ ಪತ್ರಿಕೆಗೆ 1748ಕ್ಕೆ 2480 ಪಿಕ್ಸೆಲ್‌ಗಳ ಹಾಳೆಯನ್ನು ತೆರೆಯಬೇಕು. ಹಿನ್ನೆಲೆಗೆ ಗಾಢ ಕುಂಕುಮವರ್ಣ ತುಂಬಬೇಕು. ನೋಟೋ ಸಾನ್ಸ್ ಕನ್ನಡದಂತಹ, ಬೆಲೆಯಿಲ್ಲದೆ ದೊರೆಯುವ ಯುನಿಕೋಡ್ ಅಕ್ಷರವಿನ್ಯಾಸದ ದಪ್ಪ ಬಗೆಯಲ್ಲಿ ಶಿರೋನಾಮೆಯನ್ನು ಬರೆಯಬೇಕು. ಈಗಲೇ, ಯಾವ ಅಲಂಕಾರವನ್ನೂ ತೊಡಿಸುವ ಮೊದಲು, ಕಾಗುಣಿತವನ್ನು ಇಬ್ಬರು ಓದಬೇಕು. ಅನಂತರ ಹೊಂಬಣ್ಣದ ವರ್ಣಕ್ರಮ, ಅದರ ಮೇಲೆ ಕಿರಿದಾದ ಒಳ ಉಬ್ಬು, ಕೊನೆಗೆ ಮೃದುವಾದ ನೆರಳು. ಬೆಳಕಿನ ದಿಕ್ಕು ಎಲ್ಲದಕ್ಕೂ ಒಂದೇ ಆಗಿರಬೇಕು. ಎಡದ ಮೇಲಿನಿಂದ ಬೆಳಕು ಬಂದರೆ ನೆರಳು ಬಲಕ್ಕೆ, ಕೆಳಕ್ಕೆ ಬೀಳಬೇಕು. ಎರಡು ದಿಕ್ಕಿನ ಸೂರ್ಯರನ್ನು ಕಣ್ಣು ಒಪ್ಪುವುದಿಲ್ಲ.

ಒಂದು ಎಚ್ಚರಿಕೆ: ಅಕ್ಷರದ ಪದರವನ್ನು ಚಿತ್ರವಾಗಿ ಪರಿವರ್ತಿಸಿದ ಮೇಲೆ ಅದು ಬರಿಯ ಚುಕ್ಕೆಗಳ ರಾಶಿ, ಅದರಲ್ಲಿ ಹೆಸರನ್ನು ತಿದ್ದಲಾಗದು. ತಿದ್ದಬಹುದಾದ ಮೂಲಪ್ರತಿಯನ್ನು ಬೇರೆಯಾಗಿ ಉಳಿಸಿಕೊಂಡು, ಮುದ್ರಣಾಲಯಕ್ಕೆ ಅದರ ನಕಲನ್ನು ಕೊಡುವುದು ಜಾಣತನ.

ಕೊನೆಯ ಪರೀಕ್ಷೆ

ಪರದೆಯ ಮೇಲೆ ಹಿಗ್ಗಿಸಿ ನೋಡಿದಾಗ ಎಲ್ಲವೂ ಸುಂದರ. ಆ ತರುಣ ಎಡವಿದ್ದು ಇಲ್ಲಿಯೇ. ಮುದ್ರಿಸುವ ಮೊದಲು ಒಂದು ಪ್ರತಿಯನ್ನು ಮನೆಯ ಸಾಮಾನ್ಯ ಮುದ್ರಕದಲ್ಲಿ ಕಪ್ಪುಬಿಳುಪಿನಲ್ಲಿ ತೆಗೆದು, ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ದೂರ ನಿಂತು ಓದಬೇಕು. ಮತ್ತೂ ಒಳ್ಳೆಯದೆಂದರೆ, ವಿಷಯವನ್ನು ಮೊದಲೇ ತಿಳಿಯದ ಒಬ್ಬರಿಂದ ಓದಿಸುವುದು. ಬರೆದವನ ಕಣ್ಣು ಇದ್ದುದನ್ನು ಓದುವುದಿಲ್ಲ, ಇರಬೇಕಾದುದನ್ನು ಓದುತ್ತದೆ. ಮನೆಯ ಅಜ್ಜಿಯೂ ಎರಡನೆಯ ಇಯತ್ತೆಯ ಮಗುವೂ ತಡವರಿಸದೆ ಓದಿದರೆ ಆ ಅಲಂಕಾರ ಉತ್ತೀರ್ಣವಾಯಿತೆಂದು ತಿಳಿಯಬೇಕು.

ಮರುವರ್ಷ ಅದೇ ಶಾಲೆಯ ಫಲಕವನ್ನು ಅದೇ ತರುಣ ಸಿದ್ಧಪಡಿಸಿದ. ಅಂಚು ತೆಳುವಾಗಿತ್ತು, ನೆರಳು ಹಿತವಾಗಿತ್ತು, ‘ಧ’ಕಾರದ ಸೀಳು ಕೊನೆಯ ಸಾಲಿಗೂ ಕಾಣುತ್ತಿತ್ತು. ಫಲಕವನ್ನು ಮೆಚ್ಚಿ ಯಾರೂ ಏನನ್ನೂ ಹೇಳಲಿಲ್ಲ. ಎಲ್ಲರೂ ಅದನ್ನು ಓದಿ ಮುಂದಿನ ಕಾರ್ಯಕ್ರಮದತ್ತ ಕಣ್ಣು ಹೊರಳಿಸಿದರು. ಮುಖ್ಯೋಪಾಧ್ಯಾಯರು ಮಾತ್ರ ನಮ್ಮ ಕಡೆ ನೋಡಿ ಮುಗುಳ್ನಕ್ಕರು. ತಮ್ಮ ಮನೆಯ ಮುಂದಿನ ಆಮಂತ್ರಣ ಪತ್ರಿಕೆಯನ್ನು ಅಚ್ಚಿಗೆ ಕಳುಹಿಸುವ ಮುನ್ನ ತಾವೂ ಹತ್ತು ಹೆಜ್ಜೆ ಹಿಂದೆ ಸರಿದು ಒಮ್ಮೆ ಓದಬೇಕೆಂದು ನಮ್ಮ ಪ್ರಾರ್ಥನೆ.